ಬಚ್ಚಲೊಲೆಗೆ ಪ್ಲಾಸ್ಟಿಕ್ ಬೇಡ

ಬೆಳಗ್ಗೆ ಹಂಡೆಯ ಒಲೆಗೆ ಬೆಂಕಿ ಹೊತ್ತಿಸಲು ನಿಮ್ಮ ಮನೆಯಲ್ಲಿ ಏನನ್ನು ಬಳಸುತ್ತೀರಿ? ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿರುತ್ತದೆ. ಆಗ ಹಾಲಿನ ತೊಟ್ಟೆ, ಅಂಗಡಿಯ ಕವರ್, ಹರಿದ ಚಪ್ಪಲಿ, ಸೈಕಲ್ ಟ್ಯೂಬಿನ ತುಂಡು ಒಲೆಗೆ ಹೋಗುತ್ತವೆ. ಕಸವೂ ಮುಗಿಯಿತು, ನೀರೂ ಕಾಯಿತು ಎಂದು ನಾವು ಭಾವಿಸುತ್ತೇವೆ. ಆದರೆ ಆ ಕಸ ಮುಗಿಯುವುದಿಲ್ಲ. ಹೊಗೆಯಾಗಿ ಮನೆಯವರ ಎದೆಗೂ ಬೂದಿಯಾಗಿ ಹಿತ್ತಲಿನ ಮಣ್ಣಿಗೂ ಸೇರುತ್ತದೆ.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿ ವೈದ್ಯಶಾಸ್ತ್ರ ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎನ್ನುತ್ತದೆ. ಅನ್ನ, ನೀರು, ನಿದ್ದೆಗಿಂತ ಮೊದಲು ಅದು ಎಣಿಸುವುದು ಗಾಳಿಯನ್ನು. ಮನೆಯ ಗಾಳಿಯೇ ಕೆಟ್ಟಿದ್ದರೆ ಎಷ್ಟು ಔಷಧಿ ಕೊಟ್ಟರೂ ಕೆಮ್ಮು ಮರಳಿ ಬರುತ್ತದೆ.

ಅಡುಗೆ ಒಲೆಗಳ ಹೊಗೆಯಿಂದ ಮನೆಯೊಳಗಿನ ಗಾಳಿ ಕೆಟ್ಟು 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಹೆಚ್ಚಿನವರು ನಮ್ಮಂತಹ ಅಭಿವೃದ್ಧಿಶೀಲ ದೇಶಗಳವರು. ಇದು ಮುಖ್ಯವಾಗಿ ಕಟ್ಟಿಗೆ, ಇದ್ದಿಲು, ಸೆಗಣಿ ಬೆರಣಿ, ಸೀಮೆಎಣ್ಣೆಯ ಹೊಗೆಯ ಲೆಕ್ಕ. ಅದಕ್ಕೆ ಪ್ಲಾಸ್ಟಿಕ್ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಎಲ್ಲ ಪ್ಲಾಸ್ಟಿಕ್ ಒಂದೇ ಬಗೆಯದಲ್ಲ. ಹಾಲಿನ ತೊಟ್ಟೆ ಸುಟ್ಟರೆ ಮಸಿ ಮತ್ತು ಕಾರ್ಬನ್ ಮೊನಾಕ್ಸೈಡ್ ಏಳುತ್ತವೆ. ಫ್ಲೆಕ್ಸ್, ಕರೆಂಟಿನ ವೈರ್, ನೀರಿನ ಪೈಪು ಮುಂತಾದ ಪಿವಿಸಿ ವಸ್ತುಗಳಲ್ಲಿ ಕ್ಲೋರಿನ್ ಇದೆ. ಇವು ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಡಯಾಕ್ಸಿನ್‌ಗಳಲ್ಲಿ ಅತ್ಯಂತ ವಿಷಕಾರಿಯಾದದ್ದು ಕ್ಯಾನ್ಸರ್‌ಕಾರಕವೆಂದು ಸಾಬೀತಾಗಿದೆ. ದೇಹದ ಕೊಬ್ಬಿನಲ್ಲಿ ಸೇರಿದ ಡಯಾಕ್ಸಿನ್ ಅರ್ಧದಷ್ಟು ಇಳಿಯಲು 7ರಿಂದ 11 ವರ್ಷ ಬೇಕು. ಹುಲ್ಲಿನ ಮೇಲೆ ಕುಳಿತ ವಿಷ ಹಸುವಿನ ಹೊಟ್ಟೆಗೆ ಹೋಗಿ, ಹಾಲು ಮತ್ತು ಮಾಂಸದ ಮೂಲಕ ನಮ್ಮ ಬಟ್ಟಲಿಗೆ ಮರಳುತ್ತದೆ.

ಒಲೆಯ ಮುಂದೆ ಹೆಚ್ಚು ಹೊತ್ತು ಇರುವವರು ಯಾರೆಂದು ಯೋಚಿಸಿ. ಮನೆಯ ಹೆಂಗಸರು. ಬಾಣಂತಿ ಇದ್ದರೆ ಅವಳ ಸ್ನಾನ, ಹಸುಗೂಸಿನ ಸ್ನಾನ ಎರಡೂ ಅದೇ ಬಚ್ಚಲಲ್ಲಿ. ಕೂಸಿನ ಉಸಿರಾಟ ನಮ್ಮದಕ್ಕಿಂತ ವೇಗವಾಗಿರುತ್ತದೆ. ಆದ್ದರಿಂದ ಅದರ ಪುಟ್ಟ ಮೈಗೆ ಹೊಗೆಯೂ ಹೆಚ್ಚಾಗಿ ಸೇರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು:

1. ಬೇಸಿಗೆಯಲ್ಲೇ ತೆಂಗಿನ ಗರಿ, ಸಿಪ್ಪೆ, ಕರಟಗಳನ್ನು ಒಣಗಿಸಿ ನೆನೆಯದ ಜಾಗದಲ್ಲಿ ಕೂಡಿಡಿ. ಬೆಂಕಿ ಹೊತ್ತಿಸಲು ಇವು ಸಾಕು.

2. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸದೆ ಸೀಳಿ, ತೊಳೆದು ಒಣಗಿಸಿ ಗುಜರಿಯವರಿಗೆ ಅಥವಾ ಪಂಚಾಯತಿನ ಕಸದ ಗಾಡಿಗೆ ಕೊಡಿ.

3. ಮೀನು, ಮಾಂಸ ತರಲು ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ಯಿರಿ. ಕವರ್ ಮನೆಗೇ ಬಾರದಿದ್ದರೆ ಸುಡುವ ಮಾತೇ ಇಲ್ಲ.

4. ವಲೀಮಾ, ಇಫ್ತಾರ್ ಕೂಟಗಳ ಪೇಪರ್ ಕಪ್‌ಗಳನ್ನೂ ಸುಡಬೇಡಿ. ಅವುಗಳ ಒಳಭಾಗದಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರವಿರುತ್ತದೆ. ತೊಳೆದು ಬಳಸುವ ಲೋಟಗಳೇ ಮೇಲು.

5. ಪ್ಲಾಸ್ಟಿಕ್ ಸುಟ್ಟ ಬೂದಿಯಿಂದ ಪಾತ್ರೆ ತಿಕ್ಕಬೇಡಿ. ತೆಂಗಿನ ಬುಡಕ್ಕೂ ತರಕಾರಿ ಗಿಡಕ್ಕೂ ಹಾಕಬೇಡಿ.

6. ಬಚ್ಚಲಿನ ಹೊಗೆಗೊಳವೆ ಮಾಡಿನಿಂದ ಮೇಲಕ್ಕಿರಲಿ. ವರ್ಷಕ್ಕೊಮ್ಮೆ ಮಸಿ ತೆಗೆಸಿ.

ಕಸವನ್ನು ಬಯಲಲ್ಲಿ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿವೆ. ಆದರೆ ಬಚ್ಚಲೊಲೆಯನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಮನೆಯವರೇ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿಯೂ ಕೆಮ್ಮು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ, ನಿಮ್ಮ ಒಲೆಗೆ ಏನೇನು ಹಾಕುತ್ತೀರಿ ಎಂಬುದನ್ನೂ ತಪ್ಪದೆ ತಿಳಿಸಿ.