ಗಾಂಜಾ ಚರ್ಚೆ ಮತ್ತು ರೈತನ ಹೊಲ

ಗಾಂಜಾ ಸೇವನೆಯನ್ನು ಅಪರಾಧವೆಂದು ಎಣಿಸಬಾರದೆಂಬ ವಾದ ದೇಶದಲ್ಲಿ ನಡೆದಿದೆ. ಸೇದಿದವನಿಗೆ ಸೆರೆಗಿಂತ ಚಿಕಿತ್ಸೆ ಲೇಸೆಂದು ಕೆಲವರೂ, ಯುವಕರು ಕೆಡುವರೆಂದು ಮತ್ತೆ ಕೆಲವರೂ ಹೇಳುತ್ತಾರೆ. ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಭಾಗದ ರೈತ ಬಾಂಧವರು ಇದರಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ವಾದ ಸೇದುವವನನ್ನು ಕುರಿತದ್ದು. ಬೆಳೆಯುವವನಿಗೆ ಇದರಿಂದ ಯಾವ ವಿನಾಯಿತಿಯೂ ಬಂದಿಲ್ಲ.

1985ರ ಮಾದಕ ವಸ್ತುಗಳ ಕಾಯಿದೆಯಂತೆ ಗಾಂಜಾ ಸೇವನೆಗೆ 6 ತಿಂಗಳವರೆಗೆ ಸಜೆ ಅಥವಾ 10,000 ರೂ.ವರೆಗೆ ದಂಡ, ಇಲ್ಲವೆ ಎರಡೂ ಉಂಟು. ಗಿಡ ಬೆಳೆದರೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂ.ವರೆಗೆ ದಂಡ. ಮೆಕ್ಕೆಜೋಳದ ಸಾಲಿನಲ್ಲಿ ನಾಲ್ಕು ಗಿಡ ಹಾಕಿದರೂ ಅಪರಾಧವೇ.

ಉತ್ತರಾಖಂಡದಲ್ಲಿ 2018ರಿಂದ ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿಯಿದೆ. ಆದರೆ ಅದು ಪರವಾನಗಿ ಪಡೆದವರಿಗೆ ಮಾತ್ರ, ಮಾದಕಾಂಶವೂ ಶೇ. 0.3 ಮೀರಬಾರದು. ಆ ಸುದ್ದಿ ನಂಬಿ ಇಲ್ಲಿ ಬೀಜ ಬಿತ್ತಬೇಡಿ.

ಗುರುತಿಸುವ ಬಗೆ: ನಾರಿನ ಪುಂಡಿಯನ್ನು ಗಾಂಜಾ ಎಂದು ತಪ್ಪು ತಿಳಿಯುವುದುಂಟು. ಪುಂಡಿಯ ಎಲೆ ಸೀಳಿದ್ದರೂ ಒಂದೇ ಎಲೆ. ಹೂ ದೊಡ್ಡದು, ತಿಳಿಹಳದಿ, ನಡುವೆ ಕಡುಗೆಂಪು. ಗಾಂಜಾದಲ್ಲಿ ಗರಗಸದಂಚಿನ 5ರಿಂದ 9 ಕಿರುಎಲೆಗಳು ಬೆರಳಿನಂತೆ ಬಿಡಿಯಾಗಿರುತ್ತವೆ. ಹೂ ಸಣ್ಣದು, ಹಸಿರು. ಹೆಣ್ಣು ಗಿಡದ ತುದಿ ಅಂಟು.

ಅನುಸರಿಸಬೇಕಾದ ಕ್ರಮಗಳು:

1. ಪಾಲಿಗೆ ಅಥವಾ ಗುತ್ತಿಗೆಗೆ ಕೊಟ್ಟ ಹೊಲವನ್ನು 15 ದಿನಕ್ಕೊಮ್ಮೆ ಒಳಸಾಲಿನವರೆಗೂ ತಿರುಗಿ ನೋಡಿರಿ.

2. ಗಿಡ ಕಂಡೊಡನೆ ಪೊಲೀಸ್ ಅಥವಾ ಅಬಕಾರಿ ಅಧಿಕಾರಿಗೆ ತಿಳಿಸಿರಿ. ತಿಳಿದೂ ಸುಮ್ಮನಿರುವ ಭೂಮಾಲೀಕನೂ ಶಿಕ್ಷೆಗೆ ಗುರಿಯಾಗುತ್ತಾನೆ.

ಕಾಯಿದೆ ಮುಂದೆ ಬದಲಾದೀತು. ಅಲ್ಲಿಯವರೆಗೆ ನಿಮ್ಮ ಹೊಲಕ್ಕೆ ನೀವೇ ಕಾವಲು.