ಅಯೋಡಿನ್ ಹಿಡಿಯುವ ಇದ್ದಿಲು: ಅನುಭವ ಕಲಿಸಿದ್ದು

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳಂತೆ ಹೈನುಗಾರಿಕೆಯನ್ನು ನೆಚ್ಚಿದ ಯಾವ ಸೀಮೆಗಾದರೂ ಪರಮಾಣು ಸ್ಥಾವರದ ವಿಷಯದಲ್ಲಿ ಮೊದಲು ತಿಳಿದಿರಬೇಕಾದದ್ದು ಅಯೋಡಿನ್-131 ಎಂಬ ವಿಕಿರಣಶೀಲ ಧಾತು. ಗಾಳಿಯಲ್ಲಿ ಹರಡಿದ ಅದು ಹುಲ್ಲಿನ ಮೇಲೆ ಕೂತು, ಹಸುವಿನ ಹಾಲಿಗಿಳಿದು, ಮಕ್ಕಳ ಥೈರಾಯ್ಡ್ ಗ್ರಂಥಿಯಲ್ಲಿ ಶೇಖರವಾಗುತ್ತದೆ. ಗೌರಿಬಿದನೂರಿನಲ್ಲಿ 1965ರಿಂದ ಇರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳು ದೂರದ ಭೂಗತ ಸ್ಫೋಟವನ್ನು ನೆಲದ ನಡುಕದಿಂದಲೇ ಗುರುತಿಸುತ್ತವೆಯಾದರೂ, ಚಿಮಣಿಯಿಂದ ಹೊರಬೀಳುವ ಅನಿಲ ಅವುಗಳ ಅರಿವಿಗೆ ಬರುವಂಥದ್ದಲ್ಲ. ಅದನ್ನು ಸ್ಥಾವರದೊಳಗೇ ಹಿಡಿಯಬೇಕು.

ಇದು ಮನದಟ್ಟಾದದ್ದು 1957ರ ಅಕ್ಟೋಬರ್‌ನಲ್ಲಿ. ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಪ್ಲುಟೋನಿಯಂ ತಯಾರಿಸುತ್ತಿದ್ದ ರಿಯಾಕ್ಟರ್‌ಗೆ ಬೆಂಕಿ ಬಿದ್ದಾಗ, ಭೌತವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್ ಪಟ್ಟುಹಿಡಿದು ಚಿಮಣಿಗೆ ಹಾಕಿಸಿದ್ದ ಶೋಧಕಗಳು ಕಣಗಳಲ್ಲಿ ಬಹುಪಾಲನ್ನು ತಡೆದವು. ಅನಿಲರೂಪದ ಅಯೋಡಿನ್ ಮಾತ್ರ ಅವುಗಳ ಮೂಲಕ ಹಾದುಹೋಗಿ, ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಬೇಕಾಯಿತು.

ಅನಿಲವನ್ನು ಹಿಡಿಯಲು ಬೇಕಾದದ್ದು ಸಕ್ರಿಯಗೊಳಿಸಿದ ಇದ್ದಿಲು, ಅಂದರೆ ಹೆಚ್ಚಾಗಿ ತೆಂಗಿನ ಚಿಪ್ಪನ್ನು ಸುಟ್ಟು, ಬಿಸಿ ಹಬೆಯಿಂದ ಅಸಂಖ್ಯ ಸೂಕ್ಷ್ಮರಂಧ್ರಗಳನ್ನು ಮೂಡಿಸಿದ ವಸ್ತು. ಅದರ ಒಂದು ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರ್ ಇರುತ್ತದೆ. ಶುದ್ಧ ಅಯೋಡಿನ್ ಇದಕ್ಕೆ ಸುಲಭವಾಗಿ ಅಂಟಿಕೊಳ್ಳುತ್ತದೆ, ಆದರೆ ಇಂಗಾಲದೊಡನೆ ಸೇರಿದ ಮೀಥೈಲ್ ಅಯೊಡೈಡ್ ಅಷ್ಟು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಇದ್ದಿಲಿಗೆ ಪೊಟ್ಯಾಸಿಯಂ ಅಯೊಡೈಡನ್ನೋ ಟ್ರೈಎಥಿಲೀನ್ ಡೈಅಮೀನ್ ಎಂಬ ರಾಸಾಯನಿಕವನ್ನೋ ಊಡಿಸುತ್ತಾರೆ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯುವ ಅವಧಿ, ಸುಮಾರು 8 ದಿನ. ಇದ್ದಿಲು ಅದನ್ನು 80 ದಿನ ಬಿಡದೆ ಹಿಡಿದಿಟ್ಟರೆ ಸಾವಿರದಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ.

ಕರ್ನಾಟಕದಲ್ಲಿ ಈ ವ್ಯವಸ್ಥೆ ಇರುವುದು ಕಾಳಿ ನದಿಯ ದಡದ ಕೈಗಾದಲ್ಲಿ. ಅಲ್ಲಿನ 220 ಮೆಗಾವಾಟ್‌ನ ನಾಲ್ಕು ಘಟಕಗಳಿಗೂ ಎರಡೆರಡು ರಕ್ಷಣಾ ಕವಚಗಳಿವೆ. ಅಪಘಾತವಾದರೆ ಒಳಗಿನ ಗಾಳಿಯನ್ನು ಹೊರಬಿಡದೆ ಇದ್ದಿಲಿನ ಮೂಲಕ ಮತ್ತೆ ಮತ್ತೆ ಹಾಯಿಸಿ ಅಯೋಡಿನ್ ತಗ್ಗಿಸುವಂತೆ ಅವುಗಳ ವಿನ್ಯಾಸವಿದೆ. ರಂಧ್ರಗಳಲ್ಲಿ ನೀರು ತುಂಬಿದರೆ ಮೀಥೈಲ್ ಅಯೊಡೈಡಿಗೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಇಂಥ ವ್ಯವಸ್ಥೆಗಳಲ್ಲಿ ಗಾಳಿಯಲ್ಲಿನ ನೀರಿನ ಹನಿಗಳನ್ನು ಮೊದಲೇ ಬೇರ್ಪಡಿಸಿ, ಹೀಟರ್‌ನಿಂದ ತೇವ ಇಳಿಸುತ್ತಾರೆ.

ಇದ್ದಿಲಿಗೆ ವಯಸ್ಸೂ ಇದೆ, ಮತ್ತು ಇದೇ ಹೆಚ್ಚು ಮರೆತುಹೋಗುವ ಸಂಗತಿ. ಬಣ್ಣದ ಆವಿ, ದ್ರಾವಕಗಳ ವಾಸನೆ, ಬರಿಯ ಗಾಳಿ ಕೂಡ ಅದರ ಶಕ್ತಿಯನ್ನು ಕುಂದಿಸುತ್ತವೆ. ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ 1979ರಲ್ಲಿ ಅಪಘಾತವಾದಾಗ ಶೋಧಕಗಳ ಇದ್ದಿಲು ಹೀಗೆಯೇ ದುರ್ಬಲವಾಗಿತ್ತೆಂಬುದು ತನಿಖೆಯಲ್ಲಿ ಕಂಡುಬಂದಿತು. ಹಾಗಾಗಿ ಸ್ಥಾವರಗಳಲ್ಲಿ ಇದ್ದಿಲಿನ ಮಾದರಿಗಳನ್ನು ಕಾಲಕಾಲಕ್ಕೆ ತೆಗೆದು ಮೀಥೈಲ್ ಅಯೊಡೈಡ್ ಹಾಯಿಸಿ ಪರೀಕ್ಷಿಸುವುದರ ಜೊತೆಗೆ, ಚೌಕಟ್ಟಿನ ಅಂಚುಗಳಲ್ಲಿ ಸಂದು ಬಿಟ್ಟಿದೆಯೇ ಎಂದೂ ನೋಡಬೇಕಾಗುತ್ತದೆ. ಏಕೆಂದರೆ ಎಷ್ಟೇ ಒಳ್ಳೆಯ ಇದ್ದಿಲಾದರೂ ತನ್ನ ಪಕ್ಕದಿಂದ ನುಸುಳಿಹೋದ ಗಾಳಿಯನ್ನು ಶುದ್ಧಗೊಳಿಸಲಾರದು.