ಆತಂಕದ ಪ್ರಾಥಮಿಕ ತಪಾಸಣೆ: ಏಳು ಪ್ರಶ್ನೆಗಳ ಪಟ್ಟಿಯನ್ನು ಬಳಸುವ ಕ್ರಮ

(ಸಮುದಾಯ ಆರೋಗ್ಯ ಅಧಿಕಾರಿಗಳು ಹಾಗೂ ಆಶಾ ಕಾರ್ಯಕರ್ತೆಯರ ಮಾಸಿಕ ಅಧ್ಯಯನಕ್ಕಾಗಿ)

ಎದೆ ಡವಡವ, ನಿದ್ದೆಯಿಲ್ಲ, ಕೈಕಾಲು ನಡುಕ ಎಂದು ಉಪಕೇಂದ್ರಕ್ಕೆ ಬರುವವರಲ್ಲಿ ಕೆಲವರ ತೊಂದರೆಗೆ ಆತಂಕವೇ ಮೂಲವಾಗಿರುತ್ತದೆ. ಅವರಾಗಿ ಅದನ್ನು ಹೇಳಿಕೊಳ್ಳುವುದು ವಿರಳ. ನಾವೂ ಕೇಳದಿದ್ದಲ್ಲಿ ತೊಂದರೆ ವರ್ಷಗಟ್ಟಲೆ ಉಳಿಯುತ್ತದೆ. ಕೇಳುವುದಕ್ಕೆ ನೆರವಾಗುವ ಸಾಧನವೇ ಜಿ.ಎ.ಡಿ.-7 ಪ್ರಶ್ನಾವಳಿ. ಸ್ಪಿಟ್ಜರ್ ಮತ್ತು ಸಂಗಡಿಗರು ಇದನ್ನು 2006ರಲ್ಲಿ ಪ್ರಕಟಿಸಿದರು.

1. ಅಂಕ ನೀಡುವ ಕ್ರಮ

ಕಳೆದ ಎರಡು ವಾರಗಳಲ್ಲಿ ಗಾಬರಿ, ತಡೆಯಲಾಗದ ಚಿಂತೆ, ಹಲವು ವಿಷಯಗಳ ಅತಿಯಾದ ಚಿಂತೆ, ವಿಶ್ರಾಂತಿ ದೊರೆಯದಿರುವುದು, ಕುಳಿತಲ್ಲಿ ಕುಳಿತಿರಲಾಗದ ಚಡಪಡಿಕೆ, ಸಿಡುಕು, ಏನೋ ಕೆಡುಕಾದೀತೆಂಬ ಭಯ ಎಷ್ಟು ದಿನ ಕಾಡಿದವು ಎಂದು ಕೇಳಲಾಗುತ್ತದೆ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ಪ್ರತಿದಿನ 3. ಗರಿಷ್ಠ ಮೊತ್ತ 21. ಮೊತ್ತ 5 ಆದಲ್ಲಿ ಅಲ್ಪ, 10 ಆದಲ್ಲಿ ಮಧ್ಯಮ, 15 ಆದಲ್ಲಿ ತೀವ್ರ ಆತಂಕದ ಮಟ್ಟ ಆರಂಭವಾಗುತ್ತದೆ. 10 ಅಥವಾ ಹೆಚ್ಚಾದಲ್ಲಿ ವೈದ್ಯಾಧಿಕಾರಿಯವರ ಬಳಿಗೆ ಕಳುಹಿಸತಕ್ಕದ್ದು.

2. ಅಂಕವು ರೋಗನಿರ್ಣಯವಲ್ಲ

ಮೂಲ ಅಧ್ಯಯನದಲ್ಲಿ, 10ರ ಗಡಿಯು ಕಾಯಿಲೆಯುಳ್ಳವರಲ್ಲಿ ಶೇ. 89ರಷ್ಟು ಮಂದಿಯನ್ನು ಗುರುತಿಸಿತು, ಇಲ್ಲದವರಲ್ಲಿ ಶೇ. 82ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು. ಈ ಲೆಕ್ಕವನ್ನು ಒಂದು ಊರಿಗೆ ಅನ್ವಯಿಸಿ ನೋಡೋಣ. ನೂರು ಜನರಲ್ಲಿ ಹತ್ತು ಮಂದಿಗೆ ಕಾಯಿಲೆಯಿದೆಯೆಂದು ಭಾವಿಸಿದರೆ, ಅವರಲ್ಲಿ ಸುಮಾರು 9 ಮಂದಿ ಸಿಗುತ್ತಾರೆ. ಉಳಿದ ತೊಂಬತ್ತರಲ್ಲಿಯೂ ಸುಮಾರು 16 ಮಂದಿಯ ಅಂಕ 10 ದಾಟುತ್ತದೆ. ಒಟ್ಟು 25ರಲ್ಲಿ 16 ಮಂದಿಗೆ ಆ ಕಾಯಿಲೆ ಇಲ್ಲ. ಆದುದರಿಂದ "ನಿಮಗೆ ಮಾನಸಿಕ ಕಾಯಿಲೆ ಇದೆ" ಎಂದು ಯಾರಿಗೂ ಹೇಳಕೂಡದು. "ಡಾಕ್ಟರು ಒಮ್ಮೆ ನೋಡಲಿ" ಎಂದರೆ ಸಾಕು. ಥೈರಾಯ್ಡ್ ದೋಷ, ರಕ್ತಹೀನತೆಗಳೂ ಎದೆಬಡಿತವನ್ನು ಹೆಚ್ಚಿಸಬಲ್ಲವು. ಅವುಗಳನ್ನು ವೈದ್ಯರೇ ಪರಿಶೀಲಿಸಬೇಕು.

3. ಕೇಳುವ ವಿಧಾನ

ಉತ್ತರಗಳು ವ್ಯಕ್ತಿಯ ಸ್ವಂತದ್ದಾಗಿರಬೇಕು. ಓದಲು ಬಾರದವರಿಗೆ ಪ್ರಶ್ನೆಯನ್ನು ಇದ್ದಂತೆಯೇ ನಿಧಾನವಾಗಿ ಓದಿ ಹೇಳಿರಿ. ಉತ್ತರವನ್ನು ನೀವು ಸೂಚಿಸಬೇಡಿರಿ. ಅತ್ತೆ, ಗಂಡ ಅಥವಾ ನೆರೆಯವರ ಎದುರಿನಲ್ಲಿ ಕೇಳಿದಲ್ಲಿ ಎಲ್ಲದಕ್ಕೂ "ಇಲ್ಲ" ಎಂಬ ಉತ್ತರ ಬರಬಹುದು; ಆ ಸೊನ್ನೆಗೆ ಬೆಲೆಯಿಲ್ಲ. ಏಕಾಂತದಲ್ಲಿ ಕೇಳಿರಿ. ತುಂಬಿದ ನಮೂನೆಯನ್ನು ಇತರರ ಕೈಗೆ ಸಿಗದಂತೆ ಇರಿಸಿರಿ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡಿದೆ.

4. ಪ್ರಶ್ನಾವಳಿ ಕೇಳದ ಪ್ರಶ್ನೆ

ಬದುಕು ಬೇಡವೆನಿಸಿದೆಯೇ ಎಂಬ ಪ್ರಶ್ನೆ ಈ ಏಳರಲ್ಲಿ ಇಲ್ಲ. ಅಂಕ ಕಡಿಮೆಯಿದ್ದರೂ ಅದನ್ನು ಪ್ರತ್ಯೇಕವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯಾಧಿಕಾರಿಯವರಿಗೆ ತಿಳಿಸತಕ್ಕದ್ದು. ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದೆ.

ಅಭ್ಯಾಸ

ಒಬ್ಬ ಬಾಣಂತಿಯ ಉತ್ತರಗಳು: 2, 1, 2, 1, 1, 2, 2. ಮೊತ್ತವೆಷ್ಟು? ಆಕೆಗೆ ಯಾವ ಮಾತುಗಳಲ್ಲಿ ತಿಳಿಸುವಿರಿ? ಇನ್ನೇನು ಕೇಳುವಿರಿ? ಮುಂದಿನ ಮಾಸಿಕ ಸಭೆಯಲ್ಲಿ ಚರ್ಚಿಸಲು ಸಿದ್ಧರಾಗಿ ಬರಲು ಕೋರಿದೆ.